ಬೇತಮಂಗಲದ ನೀರು, ಕೋಲಾರದ ಚಿನ್ನ: ಲೋಹಕ್ಷಯದ ಚರಿತ್ರೆಯಿಂದ ಒಂದು ಪುಟ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಮುಂದಿಡುತ್ತಾರೆ: ಮೂರು ಕಿಲೋಮೀಟರಿಗೂ ಮಿಕ್ಕ ಆಳ, ಮತ್ತು 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುಚ್ಛಕ್ತಿ. ಎರಡೂ ದಿಟವೇ. ಆದರೆ ಗಣಿಯಿಂದ ಮೇಲೆ ಬಂದದ್ದು ಚಿನ್ನವಲ್ಲ, ಬೆಣಚುಕಲ್ಲು. ಆ ಕಲ್ಲಿನಿಂದ ಚಿನ್ನವನ್ನು ಬಿಡಿಸಿದ ರಸಾಯನ ವಿದ್ಯೆಗೂ ಗಣಿಯೂರನ್ನು ಬದುಕಿಸಿದ ನೀರಿಗೂ ದೊರೆತಿರುವ ಸ್ಥಳ ಅತ್ಯಲ್ಪ.

ಪಾಲಾರ್ ನದಿಯ ದಡದ ಬೇತಮಂಗಲ ಶಾಸನಗಳ ವಿಜಯಾದಿತ್ಯಮಂಗಲ. ಅದರ ಕೆರೆ ಗಣಿಗಳಿಗಿಂತ ಎಷ್ಟೋ ಶತಮಾನ ಹಿರಿದು. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿಂದ ಗಣಿ ಪ್ರದೇಶಕ್ಕೆ ನೀರನ್ನು ಪಂಪು ಮಾಡಿ ಒಯ್ಯುವ ಏರ್ಪಾಡಾಯಿತು. ನೀರು ಕಬ್ಬಿಣವನ್ನು ಮುಟ್ಟಿದೆಡೆಯಲ್ಲೆಲ್ಲ ತುಕ್ಕು ತಪ್ಪದು. ಒದ್ದೆಯಾದ ಕಬ್ಬಿಣದ ಮೈಯೇ ಒಂದು ಪುಟ್ಟ ವಿದ್ಯುತ್ಕೋಶ. ಒಂದೆಡೆ ಲೋಹವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ; ಮತ್ತೊಂದೆಡೆ ನೀರಿನಲ್ಲಿ ಬೆರೆತ ಆಮ್ಲಜನಕ ಅವನ್ನು ಸ್ವೀಕರಿಸುತ್ತದೆ. ಗಾಳಿ ಹೆಚ್ಚು ತಗಲುವ ಭಾಗಕ್ಕಿಂತ ಕಡಮೆ ತಗಲುವ ಭಾಗವೇ ಬೇಗ ಸವೆಯುವುದೆಂಬ ವಿಚಿತ್ರವನ್ನು ಕೇಂಬ್ರಿಜ್ಜಿನ ಇವಾನ್ಸ್ 1920ರ ದಶಕದಲ್ಲಿ ಪ್ರಯೋಗಗಳಿಂದ ವಿಶದಪಡಿಸಿದನು.

ಚಿನ್ನಕ್ಕೆ ತುಕ್ಕಿಲ್ಲವೆಂಬುದು ಲೋಕರೂಢಿ. ಆದರೂ ಗಾಳಿ ಬೆರೆತ ಸಯನೈಡು ದ್ರಾವಣದಲ್ಲಿ ಅದು ಕರಗುತ್ತದೆ. ಇದಕ್ಕೆ ಆಮ್ಲಜನಕ ಅವಶ್ಯವೆಂದು ಎಲ್ಸ್‌ನರ್ 1846ರಲ್ಲಿ ಕಂಡುಕೊಂಡನು. ಫ್ಯಾರಡೆ 1857ರಲ್ಲಿ ಚಿನ್ನದ ತೆಳುರೇಕುಗಳ ಮೇಲೆ ಇದನ್ನೇ ಗಮನಿಸಿದನು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್ಆರ್ಥರ್ ಮತ್ತು ಫಾರೆಸ್ಟ್ ಸೋದರರು ಪೇಟೆಂಟು ಪಡೆದ ವಿಧಾನ ಆ ಶತಮಾನ ಮುಗಿಯುವ ಮೊದಲೇ ಕೋಲಾರಕ್ಕೂ ಬಂದಿತು. ಪಾದರಸಕ್ಕೆ ಸಿಕ್ಕದೆ ಮರಳಿನಲ್ಲಿ ಉಳಿಯುತ್ತಿದ್ದ ಚಿನ್ನ ಆಗ ಕೈಸೇರತೊಡಗಿತು. ಇಲ್ಲಿ ನಡೆಯುವುದೂ ಲೋಹಕ್ಷಯವೇ! ಕರಗಿದ ಚಿನ್ನವನ್ನು ಸಯನೈಡು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಲೋಹದ ಪ್ರತಿರೋಧ ಕುಗ್ಗುತ್ತದೆ. ಅದರ ನಾಲ್ಕು ಪರಮಾಣುಗಳು ಬಿಟ್ಟ ಎಲೆಕ್ಟ್ರಾನುಗಳನ್ನು ಆಮ್ಲಜನಕದ ಒಂದೇ ಅಣು ಒಯ್ಯುತ್ತದೆ. ಅನಂತರ ದ್ರಾವಣಕ್ಕೆ ಸತುವಿನ ಚೂರುಗಳನ್ನು ಸೇರಿಸಿದರೆ ಸತು ತಾನು ಕ್ಷಯಿಸಿ ಚಿನ್ನವನ್ನು ಹಿಂದಿರುಗಿಸುತ್ತದೆ. ಕೊಳವೆಯಲ್ಲಿ ಶತ್ರುವಾದ ಕ್ರಿಯೆಯನ್ನೇ ಕಾರ್ಖಾನೆ ಎರಡು ಬಾರಿ ಊಳಿಗಕ್ಕೆ ಹಚ್ಚಿತು.

ಆ ಊಳಿಗದ ಬೆಲೆಯೂ ಲೆಕ್ಕಕ್ಕೆ ಬರಬೇಕು. ಅರೆದ ಕಲ್ಲಿನ ಹಿಟ್ಟು ದಿಬ್ಬಗಳಾಗಿ ಊರಿನ ನಡುವೆಯೇ ಬೆಳೆಯಿತು. ಬೇಸಗೆಯ ಗಾಳಿಗೆ ಅದರ ಧೂಳು ಮನೆಗಳನ್ನು ಹೊಗುತ್ತದೆ. ಜನ ಅವನ್ನು ಇಂದಿಗೂ ಸಯನೈಡು ದಿಬ್ಬಗಳೆಂದೇ ಕರೆಯುತ್ತಾರೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. 2024ರಲ್ಲಿ ಇಂಥ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಸಮ್ಮತಿಯಿತ್ತಿತು. ಸಯನೈಡು ವಿಧಾನದಲ್ಲಿ ಹಿಟ್ಟನ್ನು ನೀರಿನಲ್ಲಿ ಕದಡದೆ ಕೆಲಸವಾಗದು. ಮತ್ತೆ ಅದೇ ಹಾದಿ ಹಿಡಿಯುವುದಾದರೆ ಆ ನೀರು ಯಾವ ಕೆರೆಯಿಂದ ಬರಬೇಕೆಂಬುದನ್ನು ಬೇತಮಂಗಲದ ಚರಿತ್ರೆ ಬಲ್ಲವನು ಮೊದಲು ಕೇಳಿಯಾನು.