ಚವಳಿಕಾಯಿ ಎಣ್ಣೆಬಾವಿಗೆ ಹೋದ ಕಥೆ

ಜತ್ತ, ಅಕ್ಕಲಕೋಟ ಕಡೆಯ ನಮಗೆ ಚವಳಿಕಾಯಿ ಎಂದರೆ ರೊಟ್ಟಿಯ ಜೊತೆಗಿನ ಪಲ್ಯ. ಮರಾಠಿ ನೆರೆಯವರಿಗೆ ಅದು ಗವಾರ, ಮೈಸೂರು ಕಡೆಯವರಿಗೆ ಗೋರಿಕಾಯಿ. ಇದರ ಬೀಜ ಅಮೆರಿಕದ ಎಣ್ಣೆಬಾವಿಗೆ ಹೋಗುತ್ತದೆ ಎಂದು ನಾವು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಅದು ನಿಜ.

ಎಣ್ಣೆಬಾವಿ ಕೊರೆಯುವಾಗ ಒಳಗೆ ದ್ರವವೊಂದನ್ನು ಸದಾ ಹರಿಸಬೇಕು. ಅದು ಕೊರೆದ ಕಲ್ಲುಪುಡಿಯನ್ನು ಮೇಲೆ ತರುತ್ತದೆ, ಕೊರೆಯುವ ಮೊನೆಯನ್ನು ತಂಪಾಗಿಡುತ್ತದೆ, ಬಾವಿಯ ಗೋಡೆ ಕುಸಿಯದಂತೆ ತಡೆಯುತ್ತದೆ. 1901ರ ಜನವರಿ 10ರಂದು ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿತು. ಅಲ್ಲಿ ಮರಳು ಕುಸಿಯುತ್ತಿದ್ದಾಗ, ಹೊಂಡದಲ್ಲಿ ದನಗಳನ್ನು ಓಡಾಡಿಸಿ ಕೆಸರು ಮಾಡಿ ಬಾವಿಗೆ ಬಿಟ್ಟರಂತೆ. ಮುಂದೆ ಬೆಂಟೊನೈಟ್ ಎಂಬ ಜೇಡಿಮಣ್ಣು ಬಂತು.

ಮಣ್ಣಿಗೆ ಒಂದು ದೋಷವಿದೆ. ಎಣ್ಣೆ ಇರುವ ಪದರದ ಸಣ್ಣ ರಂಧ್ರಗಳನ್ನೇ ಅದು ಮುಚ್ಚಿಬಿಡಬಹುದು. ಆದ್ದರಿಂದ ಪಾಲಿಮರ್‌ಗಳು ಬೇಕಾದವು. ಎಲೆಕೋಸಿಗೆ ಕೊಳೆರೋಗ ತರುವ ಬ್ಯಾಕ್ಟೀರಿಯಾದಿಂದ ಕ್ಸಾಂಥನ್ ಗೋಂದು ಸಿಗುತ್ತದೆ. ಇಲಿನಾಯ್‌ನ ಪಿಯೋರಿಯಾ ಸರಕಾರಿ ಪ್ರಯೋಗಾಲಯದಲ್ಲಿ ಅಲೀನ್ ಜೀನ್ಸ್ ಮತ್ತು ಸಂಗಡಿಗರು ಅದನ್ನು ಬೆಳಕಿಗೆ ತಂದರು. ಪಂಪು ಓಡುವಾಗ ಇದು ತೆಳುವಾಗುತ್ತದೆ, ನಿಂತರೆ ದಪ್ಪವಾಗಿ ಕಲ್ಲುಪುಡಿ ಕೆಳಗಿಳಿಯದಂತೆ ಹಿಡಿಯುತ್ತದೆ. ಆದರೆ ಬೆಲೆ ಹೆಚ್ಚು. ಬಾವಿ ಕೊರೆದು ಮುಗಿದು ಎಣ್ಣೆ ತೆಗೆಯಲು ಸಜ್ಜುಗೊಳಿಸುವಾಗ ಉಪ್ಪುನೀರಿಗೆ ಸೆಲ್ಯುಲೋಸ್‌ನಿಂದ ಮಾಡಿದ ಎಚ್‌ಇಸಿ ಸೇರಿಸುತ್ತಾರೆ. ಅದರ ಗಸಿ ಕಡಿಮೆ.

ನಮ್ಮ ಚವಳಿಬೀಜದ ಗೋಂದು ಅಗ್ಗ, ನೀರನ್ನು ಬೇಗ ಗಟ್ಟಿಮಾಡುತ್ತದೆ. ಬೋರೇಟ್ ಬೆರೆಸಿದರೆ ಲೋಳೆಯಾಗಿ, ಬಂಡೆ ಸೀಳುವಾಗ ಮರಳನ್ನು ಬಿರುಕಿನೊಳಗೆ ಹೊತ್ತೊಯ್ಯುತ್ತದೆ. ಆಮೇಲೆ ಕಿಣ್ವ ಹಾಕಿ ಅದನ್ನು ತೆಳುಮಾಡುತ್ತಾರೆ. ಸ್ವಲ್ಪ ಗಸಿ ಉಳಿಯುವುದೇ ಇದರ ಕೊರತೆ.

ಅಮೆರಿಕದಲ್ಲಿ ಶೇಲ್ ಬಾವಿಗಳು ಹೆಚ್ಚಿದಾಗ ರಾಜಸ್ಥಾನದ ಒಣಭೂಮಿಯ ರೈತನಿಗೆ ಅದೃಷ್ಟ ತೆರೆಯಿತು. ಕ್ವಿಂಟಲ್‌ಗೆ 2,000 ರೂ. ಆಸುಪಾಸಿನಲ್ಲಿದ್ದ ಬೀಜ 2012ರಲ್ಲಿ 30,000 ರೂ. ಸಮೀಪಕ್ಕೆ ಏರಿತು. ಆ ಮಾರ್ಚ್‌ನಲ್ಲಿ ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಬೆಲೆ ಕಂಡು ದಕ್ಷಿಣದಲ್ಲೂ ಬಿತ್ತಿದರು. ಅತ್ತ ಕಂಪನಿಗಳು ಗೋಂದು ದುಬಾರಿಯಾಯಿತೆಂದು ಪಾಲಿಅಕ್ರಿಲಮೈಡ್‌ನಂಥ ಬದಲಿ ಹುಡುಕಿದವು. 2014ರ ಕೊನೆಗೆ ಕಚ್ಚಾ ಎಣ್ಣೆಯ ಬೆಲೆಯೂ ಕುಸಿಯಿತು. ಚವಳಿಬೀಜ ಮತ್ತೆ ಕೆಲವೇ ಸಾವಿರಕ್ಕೆ ಇಳಿಯಿತು. ತಡವಾಗಿ ಬಿತ್ತಿದವರ ಕೈಗೆ ಹತ್ತಿದ್ದು ಅಷ್ಟೇ.

ನಮ್ಮ ಶಾಲೆಗಳ ಬಹಳಷ್ಟು ಮಕ್ಕಳು ಒಣಬೇಸಾಯದ ಮನೆಯವರು. ಹೊಲದ ಬೆಲೆ ಎಲ್ಲೆಲ್ಲಿ ನಿರ್ಧಾರವಾಗುತ್ತದೆ ಎಂಬುದು ಅವರಿಗೆ ತಿಳಿದಿರಬೇಕು, ಅದೂ ಅವರ ಮನೆಮಾತಿನಲ್ಲಿ. ಅದಕ್ಕೇ ಈ ಪಾಠ.