ಲೇವಿ
ಕೇಳಿದೊಡನೆ ಲೇವಾದೇವಿಯ ನೆಂಟನೆನಿಸುತ್ತದೆ, ಅಲ್ಲ. ಲೇವಾದೇವಿ ಉತ್ತರದ ನುಡಿಗಳಿಂದ ಬಂದದ್ದು. ಲೇವಿ ಇಂಗ್ಲಿಷಿನದು; ಅದರ ಬೇರು 'ಎತ್ತು' ಎಂಬರ್ಥದ ಫ್ರೆಂಚ್ ಕ್ರಿಯಾಪದ. ತೆರಿಗೆ ಎತ್ತುವುದಕ್ಕೂ ಸೈನ್ಯ ಕಟ್ಟುವುದಕ್ಕೂ ಅದೇ ಪದ. ಎರಡನೇ ಮಹಾಯುದ್ಧದ ಕಾಲದ ನಿಜಾಮ ರಾಜ್ಯದಲ್ಲಿ ಅದು ಕಾಳುಕಡಿಗೆ ಅಂಟಿತು: ಬೆಳೆದದ್ದರಲ್ಲಿ ಒಂದು ಪಾಲನ್ನು ರೈತ ಸರ್ಕಾರ ಕಟ್ಟಿದ ಬೆಲೆಗೆ ಕೊಡಲೇಬೇಕು. ದೊಡ್ಡ ಜಮೀನ್ದಾರರಾದ ದೇಶಮುಖರು ನುಣುಚಿಕೊಂಡರು, ಭಾರ ಸಣ್ಣವರ ಮೇಲೆ ಬಿತ್ತು; ತೆಲಂಗಾಣ ರೈತ ಹೋರಾಟದ ಸಿಟ್ಟಿನಲ್ಲಿ ಲೇವಿಯ ಪಾಲೂ ಇತ್ತು. ಈಗ ತೆಲಂಗಾಣದಲ್ಲಿರುವ ನಾರಾಯಣಖೇಡ ತಾಲ್ಲೂಕು ಕೂಡ 1956ರವರೆಗೆ ಬೀದರ ಜಿಲ್ಲೆಯದೇ. ಬೀದರ ಸೀಮೆಯ ನಲವತ್ತರ ದಶಕದ ಕಾದಂಬರಿ ಬರೆಯುವವರು ನಿಜಾಮನ ಪರ ನಿಂತ ರಜಾಕಾರರ ಬಂದೂಕಿಗಿಂತ ಮೊದಲು, ಜೋಳದ ಹಗೇವಿನ ಬಾಯಿ ತೆಗೆಸಿದ ಈ ಪದದಿಂದ ಶುರುಮಾಡಬೇಕು ಅನ್ನಿಸುತ್ತದೆ. ಯುದ್ಧ ಊರಿಗೆ ಬಂದದ್ದು ಆ ದಾರಿಯಿಂದ.