ಹುಳುವಿಗೆ ಕ್ಯಾಲೆಂಡರ್ ಗೊತ್ತಿಲ್ಲ

ಸೇಬು ಹೆಚ್ಚುವಾಗಲೆಲ್ಲ ನನಗೊಂದು ಲೆಕ್ಕ ನೆನಪಾಗುತ್ತೆ. 1735ರಲ್ಲೇ ಫ್ರಾನ್ಸಿನ ರೆಯೋಮರ್ ದಿನದಿನದ ಉಷ್ಣತೆ ಕೂಡಿಸಿ, ಬೆಳೆ ಮಾಗುವುದಕ್ಕೆ ತಾಳೆ ನೋಡಿದ್ದ. ಆದರೂ ಅಮೆರಿಕದ ಸೇಬಿನ ತೋಟಗಳಲ್ಲಿ ಕಾಡ್ಲಿಂಗ್ ಪತಂಗದ ಹುಳುವಿಗೆ ಬಹುಕಾಲ ದಿನ ಎಣಿಸಿಯೇ ಮದ್ದು ಹೊಡೆದರು. 20ನೇ ಶತಮಾನದ ಮೊದಲರ್ಧದಲ್ಲಿ ಅದು ಸೀಸದ ಆರ್ಸೆನೇಟ್!

1970ರ ದಶಕದಲ್ಲಿ ಮಿಶಿಗನ್‌ನವರು ಲೆಕ್ಕವನ್ನು ತೋಟಕ್ಕೆ ತಂದರು. ದಿನದ ಸರಾಸರಿ ಉಷ್ಣತೆಯಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್ ಕಳೆಯಿರಿ, ಉಳಿದದ್ದನ್ನು ಕೂಡಿಸುತ್ತ ಹೋಗಿ. ಗಂಡು ಪತಂಗಗಳು ಬಲೆಗೆ ಬೀಳತೊಡಗಿದ ದಿನದಿಂದ ಮೊತ್ತ ಸುಮಾರು 250 ಆದಾಗ ಮೊಟ್ಟೆ ಒಡೆಯುತ್ತೆ. ಸರಾಸರಿ 60 ಇದ್ದರೆ 25 ದಿನ, 70 ಇದ್ದರೆ ಹದಿಮೂರೇ. ಮರಿ ಹಣ್ಣಿಗೆ ಹೊಕ್ಕ ಮೇಲೆ ಮದ್ದು ದಂಡ.

ವಾಷಿಂಗ್ಟನ್ ರಾಜ್ಯದ ಹಳೇ ತೋಟಗಳ ಮಣ್ಣಲ್ಲಿ ಆ ಸೀಸ, ಆರ್ಸೆನಿಕ್ ಇನ್ನೂ ಇವೆ. ಕೂಡಿ ಕಳೆಯೋದನ್ನ ಇಷ್ಟು ತಡವಾಗಿ ಕಲಿತೆವಲ್ಲ ಅಂತ ಬೇಜಾರಾಗುತ್ತೆ.